ಆಶ್ರಯದ ಅರ್ಜಿಯನ್ನು ನ್ಯಾಯಮಂಡಳಿ ಹೇಗೆ ತೂಗುತ್ತದೆ?

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಮನೆಗಳಿಂದ ಹಿಂದೆ ಹೆಚ್ಚಾಗಿ ಗಲ್ಫಿಗೆ ಹೋಗುತ್ತಿದ್ದ ಮಕ್ಕಳು ಈಗ ಬ್ರಿಟನ್, ಐರ್ಲೆಂಡ್, ಜರ್ಮನಿ, ಕೆನಡಾಗಳಿಗೂ ಹೋಗುತ್ತಿದ್ದಾರೆ. ಓದಲು ಹೋದವರ ವೀಸಾ ಒಂದು ದಿನ ಮುಗಿಯುತ್ತದೆ. ವೃದ್ಧರ ಆರೈಕೆಯ ಕೆಲಸಕ್ಕೆ ಹೋದವರ ಕಂಪನಿಯ ಸ್ಪಾನ್ಸರ್ ಲೈಸೆನ್ಸ್ (ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಪರವಾನಗಿ) ರದ್ದಾದರೆ, ಬ್ರಿಟನ್ನಿನಲ್ಲಿ ಹೊಸ ಸ್ಪಾನ್ಸರ್ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವ ದಾರಿಯನ್ನು ಅಲ್ಲಿನ ಸರ್ಕಾರ 2025ರ ಜುಲೈ 22ರಂದು ಮುಚ್ಚಿತು. ಇಂಥ ಇಕ್ಕಟ್ಟಿನಲ್ಲಿ ಏಜೆಂಟರು ಕೊಡುವ ಸಲಹೆ, ‘ಅಸೈಲಮ್ ಹಾಕಿಬಿಡು’, ಅಂದರೆ ಆಶ್ರಯ ಕೇಳಿ ಅರ್ಜಿ ಹಾಕಿಬಿಡು. ಊರಿನಲ್ಲಿ ಕುಳಿತ ತಂದೆ ತಾಯಿಗೆ ಅದು ಇನ್ನೊಂದು ಬಗೆಯ ವೀಸಾದಂತೆ ಕೇಳಿಸುತ್ತದೆ.

ನಿಜವಾಗಿ ಜೀವಭಯ ಇರುವವರೂ ಇದ್ದಾರೆ. ಧರ್ಮ ಬದಲಿಸಿದ್ದಕ್ಕೆ, ಜಾತಿ ಮೀರಿ ಮದುವೆಯಾದದ್ದಕ್ಕೆ, ತಮ್ಮ ಲೈಂಗಿಕತೆಯನ್ನು ಮುಚ್ಚಿಡಲಾಗದ್ದಕ್ಕೆ ಊರು ಬಿಟ್ಟವರು. ಪ್ರಕ್ರಿಯೆ ಗೊತ್ತಿಲ್ಲದೆ ಅವರ ಗಟ್ಟಿಯಾದ ಪ್ರಕರಣವೂ ಮೊದಲ ಸಂದರ್ಶನದಲ್ಲೇ ಕುಸಿಯುವುದುಂಟು. ಈ ಎರಡೂ ಬಗೆಯವರು ಮೊದಲು ತಿಳಿಯಬೇಕಾದ ಸಂಗತಿ ಒಂದೇ. ನ್ಯಾಯಮಂಡಳಿ ಹಿಂದೆ ಆದ ಅನ್ಯಾಯಕ್ಕೆ ಪರಿಹಾರ ಕೊಡಲು ಕುಳಿತಿಲ್ಲ. ಈ ವ್ಯಕ್ತಿಯನ್ನು ನಾಳೆ ವಾಪಸು ಕಳಿಸಿದರೆ ಏನಾಗುತ್ತದೆ, ಯಾರಿಂದ ಆಗುತ್ತದೆ, ಯಾವ ಕಾರಣಕ್ಕೆ ಆಗುತ್ತದೆ ಎಂಬುದನ್ನು ಅದು ತೀರ್ಮಾನಿಸುತ್ತದೆ. ಹಿಂದೆ ನಡೆದದ್ದೆಲ್ಲ ಆ ತೀರ್ಮಾನಕ್ಕೆ ಬೇಕಾದ ಸಾಕ್ಷ್ಯ.

ಯಾವ ಕಾನೂನು, ಯಾವ ದೇಶಗಳಲ್ಲಿ

1951ರ ಜುಲೈ 28ರಂದು ಜಿನೀವಾದಲ್ಲಿ ಅಂಗೀಕಾರವಾದ ನಿರಾಶ್ರಿತರ ಒಪ್ಪಂದ ಮತ್ತು ಅದರ ವ್ಯಾಪ್ತಿಯನ್ನು ಹಿಗ್ಗಿಸಿದ 1967ರ ಪ್ರೋಟೊಕಾಲ್ ಇದಕ್ಕೆಲ್ಲ ಬುನಾದಿ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಲ್ಲಿ ಒಂದಕ್ಕಾಗಿ ಹಿಂಸೆಗೆ ಒಳಗಾಗುವ ಆಧಾರವುಳ್ಳ ಭಯ ಇದ್ದು, ತನ್ನ ದೇಶದ ರಕ್ಷಣೆ ಸಿಗದೆ ಹೊರಗಿರುವವರು ಈ ಒಪ್ಪಂದದ ಪ್ರಕಾರ ನಿರಾಶ್ರಿತರು. ಅಂಥವರನ್ನು ಅಪಾಯವಿರುವಲ್ಲಿಗೆ ತಳ್ಳಬಾರದು ಎಂದು ಒಪ್ಪಂದದ 33ನೇ ವಿಧಿ ಹೇಳುತ್ತದೆ.

ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್ ಈ ಒಪ್ಪಂದಕ್ಕೆ ಸೇರಿಲ್ಲ. ಭಾರತವೂ ಸೇರಿಲ್ಲ. ನಮ್ಮ ಸುದ್ದಿಗಳಲ್ಲಿ ಬರುವ ಅಸ್ಸಾಮಿನ ವಿದೇಶಿಯರ ನ್ಯಾಯಮಂಡಳಿಗಳು ಒಬ್ಬರು ಭಾರತೀಯರೋ ವಿದೇಶಿಯರೋ ಎಂದಷ್ಟೇ ನೋಡುತ್ತವೆ, ಆಶ್ರಯದ ಅರ್ಜಿ ಕೇಳುವುದಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯೂ ಬೇರೆಯೇ ವಿಷಯ. ಹಾಗಾಗಿ ಈ ಬರಹ ಮುಖ್ಯವಾಗಿ ಬ್ರಿಟನ್ನಿನ ಪದ್ಧತಿಯನ್ನು ಹಿಡಿದು ಸಾಗುತ್ತದೆ. ಮೂಲ ಪ್ರಶ್ನೆಗಳು ಕೆನಡಾ, ಅಮೆರಿಕ, ಯುರೋಪಿನಲ್ಲೂ ಹೆಚ್ಚುಕಡಿಮೆ ಇವೇ.

ಅರ್ಜಿಯಿಂದ ನ್ಯಾಯಮಂಡಳಿಯವರೆಗೆ

ಅರ್ಜಿ ಮೊದಲು ಹೋಗುವುದು ಹೋಮ್ ಆಫೀಸ್ ಎಂಬ ಸರ್ಕಾರಿ ಇಲಾಖೆಗೆ. ಅಲ್ಲಿ ಎರಡು ಸಂದರ್ಶನ. ಸ್ಕ್ರೀನಿಂಗ್ ಚಿಕ್ಕದು: ಹೆಸರು, ಬಂದ ದಾರಿ, ಕುಟುಂಬ, ಯಾವ ಭಾಷೆ, ಭಯ ಏನೆಂದು ಎರಡು ಮಾತು. ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ. ತಿಂಗಳುಗಳ ಮೇಲೆ ನಡೆಯುವ ಎರಡನೆಯ ಸಂದರ್ಶನ ಗಂಟೆಗಟ್ಟಲೆ ಹೋಗುತ್ತದೆ, ಪ್ರಶ್ನೆ ಉತ್ತರ ಎರಡೂ ದಾಖಲಾಗುತ್ತವೆ. ಆಮೇಲೆ ಲಿಖಿತ ನಿರ್ಧಾರ.

ನಿರಾಕರಣೆಯಾದರೆ ಫಸ್ಟ್ ಟಿಯರ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿಗೆ ಮೇಲ್ಮನವಿ. ನಿರ್ಧಾರ ಕಳಿಸಿದ ದಿನದಿಂದ 14 ದಿನದೊಳಗೆ ಹಾಕಬೇಕು. ಎದುರು ನಿಂತು ಹೇಳುವ ವಿಚಾರಣೆಗೆ 140 ಪೌಂಡ್ ಶುಲ್ಕ, ಕಾಗದದ ಮೇಲಷ್ಟೇ ನಡೆಯುವುದಕ್ಕೆ 80 ಪೌಂಡ್. ಲೀಗಲ್ ಏಡ್ (ಸರ್ಕಾರದ ಖರ್ಚಿನ ವಕೀಲರ ನೆರವು) ಅಥವಾ ಅಸೈಲಮ್ ಸಪೋರ್ಟ್ (ಅರ್ಜಿದಾರರಿಗೆ ಸರ್ಕಾರ ಕೊಡುವ ವಸತಿ, ಖರ್ಚಿನ ನೆರವು) ಪಡೆಯುವವರಿಗೆ ಶುಲ್ಕವಿಲ್ಲ. ದುಡ್ಡು ಉಳಿಸಲು ಕಾಗದದ ವಿಚಾರಣೆ ಆರಿಸಿಕೊಳ್ಳುವುದು ದೊಡ್ಡ ತಪ್ಪು. ನಂಬಿಕೆಯ ಪ್ರಶ್ನೆಯೇ ಮುಖ್ಯವಾಗಿರುವಾಗ ನ್ಯಾಯಾಧೀಶರು ಆ ವ್ಯಕ್ತಿಯ ಮಾತನ್ನು ಕೇಳಬೇಕು.

ಭಾರತದವರಿಗೆ ಇಲ್ಲೊಂದು ತೊಡಕಿದೆ. ಸಾಮಾನ್ಯವಾಗಿ ಸುರಕ್ಷಿತ ಎಂದು ಬ್ರಿಟನ್ ಗುರುತಿಸಿದ ದೇಶಗಳ ಪಟ್ಟಿಯಲ್ಲಿ 2005ರಿಂದ ಭಾರತದ ಹೆಸರೂ ಇದೆ. ಆ ಪಟ್ಟಿಯ ದೇಶದವರ ಅರ್ಜಿ ‘ಮೇಲ್ನೋಟಕ್ಕೇ ಆಧಾರರಹಿತ’ವಲ್ಲ ಎಂದು ಅಧಿಕಾರಿಗೆ ಮನವರಿಕೆಯಾಗದಿದ್ದರೆ ಅದನ್ನು ಆಧಾರರಹಿತವೆಂದೇ ಪ್ರಮಾಣೀಕರಿಸುತ್ತಾರೆ. ಪ್ರಮಾಣೀಕರಿಸಿದ ಮೇಲೆ ಟ್ರಿಬ್ಯೂನಲ್‌ಗೆ ಮೇಲ್ಮನವಿಯೇ ಇಲ್ಲ. ನಿರ್ಧಾರ ಕಾನೂನುಬದ್ಧವೇ ಎಂದಷ್ಟೇ ನ್ಯಾಯಾಲಯ ನೋಡುವ ಜುಡಿಷಿಯಲ್ ರಿವ್ಯೂ ಎಂಬ ದುಬಾರಿ, ಕಿರಿದಾದ ದಾರಿಯೊಂದೇ ಉಳಿಯುತ್ತದೆ. ‘ಕೇಸು ನಾಲ್ಕೈದು ವರ್ಷ ಎಳೆಯುತ್ತದೆ, ಅಷ್ಟರಲ್ಲಿ ದುಡಿಯಬಹುದು’ ಎಂದು ಏಜೆಂಟ್ ಹೇಳಿದ್ದರೆ ಈ ಮಾತನ್ನು ಅವನು ಮುಚ್ಚಿಟ್ಟಿದ್ದಾನೆ. ವೀಸಾ ಮುಗಿದ ಮೇಲೆ ಅರ್ಜಿ ಹಾಕಿದವರು ಕೆಲಸ ಮಾಡುವಂತೆಯೂ ಇಲ್ಲ. ತಮ್ಮ ತಪ್ಪಿಲ್ಲದೆ ನಿರ್ಧಾರ 12 ತಿಂಗಳು ಮೀರಿ ತಡವಾದರೆ ಅನುಮತಿ ಕೇಳಬಹುದು, ಅದೂ ಎಲ್ಲ ಕೆಲಸಗಳಿಗೆ ಸಿಗುವುದಿಲ್ಲ.

ಎಷ್ಟು ರುಜುವಾತು ಸಾಕು?

ಮುಂದೆ ಆಗಬಹುದಾದ ಅಪಾಯವನ್ನು ಯಾರೂ ನೂರಕ್ಕೆ ನೂರು ಸಾಬೀತು ಮಾಡಲಾರರು. ತೂಫಾನಿನ ಮುನ್ಸೂಚನೆ ಇದ್ದ ದಿನ ದೋಣಿ ಮಗುಚುವುದು ಖಚಿತವಾಗಬೇಕೆಂದು ನಮ್ಮ ಮೊಗವೀರರು ಕಾಯುವುದಿಲ್ಲ. ಮಗುಚುವ ನಿಜವಾದ ಸಂಭವ ಇದೆಯೆಂದು ಗೊತ್ತಾದರೆ ಸಾಕು, ಕಡಲಿಗೆ ಇಳಿಯುವುದಿಲ್ಲ. ಆಶ್ರಯದ ಕಾನೂನಿನ ಅಳತೆಯೂ ಅಂಥದ್ದು. 1988ರ ಶಿವಕುಮಾರನ್ ಪ್ರಕರಣದಲ್ಲಿ, ಶ್ರೀಲಂಕಾದ ತಮಿಳರ ಅರ್ಜಿಗಳ ಮೇಲೆ ತೀರ್ಪು ಕೊಡುತ್ತ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ‘ತಕ್ಕಮಟ್ಟಿನ ಸಂಭವ’ ಸಾಕೆಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಕಾರ್ಡೊಜಾ ಫೊನ್ಸೆಕಾ ಪ್ರಕರಣದಲ್ಲಿ, ಸಂಭವ ಶೇ 50ಕ್ಕಿಂತ ಬಹಳ ಕಡಿಮೆಯಿದ್ದರೂ, ಶೇ 10ರಷ್ಟೇ ಇದ್ದರೂ ಭಯಕ್ಕೆ ಆಧಾರವಿರಬಹುದು ಎಂದಿತು.

ಬ್ರಿಟನ್ 2022ರಲ್ಲಿ ಇದನ್ನು ಎರಡು ಮೆಟ್ಟಿಲು ಮಾಡಿತು. 2022ರ ಜೂನ್ 28ರಿಂದ ಈಚೆಗೆ ಹಾಕಿದ ಅರ್ಜಿಗಳಲ್ಲಿ ಮೊದಲು ತೋರಿಸಬೇಕಾದದ್ದು, ನೀವು ಹೇಳುವ ಆ ಗುರುತು (ಧರ್ಮ, ಜಾತಿ, ಲೈಂಗಿಕತೆ) ನಿಮಗೆ ಇದೆ ಅಥವಾ ಹಿಂಸಿಸುವವರು ಇದೆಯೆಂದು ತಿಳಿದಿದ್ದಾರೆ, ಮತ್ತು ನಿಮಗೆ ನಿಜವಾಗಿಯೂ ಭಯವಿದೆ ಎಂಬುದು. ಇದಕ್ಕೆ ಅಳತೆ ಸಿವಿಲ್ ಕೇಸಿನದು, ಅಂದರೆ ‘ಇಲ್ಲ ಎನ್ನುವುದಕ್ಕಿಂತ ಹೌದು ಎನ್ನುವುದೇ ಹೆಚ್ಚು ಸಂಭವ’. ಅದು ದಾಟಿದ ಮೇಲೆ ಮುಂದಿನ ಅಪಾಯಕ್ಕೆ ಹಳೆಯ ಸಡಿಲ ಅಳತೆ. ಮೊದಲ ಮೆಟ್ಟಿಲಲ್ಲೇ ಎಡವಿದವರಿಗೆ ಎರಡನೆಯದರ ಸಡಿಲಿಕೆಯಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲ ಸಂದರ್ಶನಗಳಿಗೇ ಈಗ ಭಾರ ಹೆಚ್ಚು.

ಧರ್ಮದ ಕಾರಣ

ಯಾವ ಧರ್ಮ ಸರಿ ಎಂದು ನ್ಯಾಯಾಧೀಶರು ಹೇಳುವುದಿಲ್ಲ. ಈ ವ್ಯಕ್ತಿ ತನ್ನ ನಂಬಿಕೆಯನ್ನು ಹೇಗೆ ಬದುಕುತ್ತಾನೆ, ವಾಪಸು ಹೋದರೆ ಹೇಗೆ ಬದುಕುತ್ತಾನೆ ಎಂದು ನೋಡುತ್ತಾರೆ.

ಪಾಕಿಸ್ತಾನದ ಅಹ್ಮದೀಯರ (ತಮ್ಮನ್ನು ಮುಸ್ಲಿಮರೆಂದೇ ಕಾಣುವ, ಆದರೆ ಅಲ್ಲಿನ ಕಾನೂನು ಮುಸ್ಲಿಮರಲ್ಲ ಎನ್ನುವ ಪಂಥದವರ) ಪ್ರಕರಣಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1984ರ ಸುಗ್ರೀವಾಜ್ಞೆಯಿಂದ ಅಲ್ಲಿನ ದಂಡಸಂಹಿತೆಗೆ ಸೇರಿದ 298-ಬಿ, 298-ಸಿ ಕಲಮುಗಳ ಪ್ರಕಾರ ಅಹ್ಮದೀಯರು ತಮ್ಮನ್ನು ಮುಸ್ಲಿಮರೆಂದು ಕರೆದುಕೊಂಡರೆ, ತಮ್ಮ ನಂಬಿಕೆಯನ್ನು ಪ್ರಚಾರ ಮಾಡಿದರೆ ಮೂರು ವರ್ಷದವರೆಗೆ ಜೈಲು. ಹಾಗಾದರೆ ಮನೆಯೊಳಗೇ ಪ್ರಾರ್ಥನೆ ಮಾಡಿಕೊಂಡು ಸುಮ್ಮನಿರಬಹುದಲ್ಲ ಎಂಬ ವಾದ ಹಿಂದೆ ಬರುತ್ತಿತ್ತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರ ಸೆಪ್ಟೆಂಬರ್ 5ರ ತೀರ್ಪಿನಲ್ಲಿ, ಆಚರಣೆ ಬಿಟ್ಟು ಅಪಾಯ ತಪ್ಪಿಸಿಕೊಳ್ಳಿ ಎಂದು ಯಾರಿಂದಲೂ ನಿರೀಕ್ಷಿಸುವಂತಿಲ್ಲ ಎಂದು ಆ ವಾದವನ್ನು ತಳ್ಳಿಹಾಕಿತು. ಅದೇ ವರ್ಷ ಬ್ರಿಟನ್ನಿನ ಅಪ್ಪರ್ ಟ್ರಿಬ್ಯೂನಲ್ (ಫಸ್ಟ್ ಟಿಯರ್‌ಗಿಂತ ಮೇಲಿನ ನ್ಯಾಯಮಂಡಳಿ) ಎಂ.ಎನ್. ಪ್ರಕರಣದಲ್ಲಿ ಇನ್ನಷ್ಟು ಬಿಡಿಸಿ ಹೇಳಿತು: ನಂಬಿಕೆಯನ್ನು ಬಹಿರಂಗವಾಗಿ ಆಚರಿಸುವುದು ಯಾರ ಧಾರ್ಮಿಕ ಅಸ್ತಿತ್ವಕ್ಕೆ ವಿಶೇಷವಾಗಿ ಮುಖ್ಯವೋ ಅವರಿಗೆ ರಕ್ಷಣೆ ಸಿಗಬೇಕು. ಅರ್ಜಿದಾರ ಅಹ್ಮದೀಯ ಎಂದಷ್ಟೇ ತೋರಿಸಿದರೆ ಸಾಲದು, ಬಹಿರಂಗ ಆಚರಣೆ ತನಗೆ ಎಷ್ಟು ಮುಖ್ಯ ಎಂಬುದನ್ನೂ ತೋರಿಸಬೇಕು. (ತೀರ್ಪುಗಳಿಗೆ ಇಂಥ ಅಕ್ಷರಗಳ ಹೆಸರು ಇರುವುದು ಅರ್ಜಿದಾರರ ಗುರುತು ಊರಿಗೆ ತಲುಪದಿರಲಿ ಎಂದು.)

ಮತಾಂತರದ ಪ್ರಕರಣಗಳಲ್ಲಿ ಮಾಹಿತಿ ಪರೀಕ್ಷೆಯ ಅಪಾಯವಿದೆ. ಬೈಬಲ್ಲಿನ ಅಧ್ಯಾಯ ಬಾಯಿಪಾಠ ಹೇಳಿದವನು ಪಾಸು, ತಡವರಿಸಿದವನು ಫೇಲು ಎಂಬಂತಾಗಬಾರದು. ಧರ್ಮದ ಎಲ್ಲ ಅಂಶಗಳಿಗೂ ದಾಖಲೆ ಕೇಳಬೇಕಿಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರ ಫತ್ಹಿ ಪ್ರಕರಣದಲ್ಲಿ ಹೇಳಿದೆ. ನ್ಯಾಯಾಧೀಶರು ಕೇಳುವುದು, ಮೊದಲ ಬಾರಿ ಯಾರೊಡನೆ ಹೋದಿರಿ, ಏನು ಮನಸ್ಸಿಗೆ ನಾಟಿತು, ಮನೆಯವರಿಗೆ ಯಾವಾಗ ಹೇಳಿದಿರಿ, ಈಗ ವಾರದಲ್ಲಿ ಏನು ಮಾಡುತ್ತೀರಿ ಎಂಬಂಥದ್ದು. ಬ್ರಿಟನ್ನಿನಲ್ಲಿ ಚರ್ಚಿನ ಪಾದ್ರಿಯ ಪತ್ರಕ್ಕಿಂತ ಪಾದ್ರಿಯೇ ಬಂದು ಸಾಕ್ಷಿ ಹೇಳುವುದಕ್ಕೆ ಹೆಚ್ಚು ಬೆಲೆ. 2001ರ ಡೊರೊಡಿಯನ್ ಪ್ರಕರಣದಿಂದ ಈ ರೂಢಿ ಬಂದಿದೆ.

‘ನಿರ್ದಿಷ್ಟ ಸಾಮಾಜಿಕ ಗುಂಪು’ ಎಂದರೆ ಯಾರು?

ಐದು ಕಾರಣಗಳಲ್ಲಿ ಹೆಚ್ಚು ವಾದಕ್ಕೆ ಒಳಗಾದದ್ದು ಇದು. 1999ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಪಾಕಿಸ್ತಾನದ ಇಬ್ಬರು ಮಹಿಳೆಯರ ಮೇಲ್ಮನವಿ ಬಂತು. ಗಂಡಂದಿರ ಹಿಂಸೆಯಿಂದ ಅವರು ಮನೆ ಬಿಡಬೇಕಾಗಿತ್ತು, ವಾಪಸು ಹೋದರೆ ವ್ಯಭಿಚಾರದ ಸುಳ್ಳು ಆರೋಪ ಹೊರಬೇಕಾಗುವ ಅಪಾಯವಿತ್ತು. ಗಂಡನ ಹಿಂಸೆ ಖಾಸಗಿ ವಿಷಯವೆಂದು ನ್ಯಾಯಾಲಯ ಬಿಡಲಿಲ್ಲ. ಹೆಂಗಸೆಂಬ ಕಾರಣಕ್ಕೇ ಕಾನೂನು ಮತ್ತು ಆಡಳಿತ ರಕ್ಷಣೆ ಕೊಡದಿದ್ದರೆ ಅಲ್ಲಿನ ಮಹಿಳೆಯರೇ ಒಂದು ಸಾಮಾಜಿಕ ಗುಂಪು ಎಂದಿತು. ಹಿಂಸೆ ಗಂಡನದು, ರಕ್ಷಣೆ ನಿರಾಕರಿಸಿದ್ದು ಸರ್ಕಾರ. ಎರಡೂ ಸೇರಿದಾಗ ಅದು ಒಪ್ಪಂದದ ಅರ್ಥದ ಹಿಂಸೆಯಾಗುತ್ತದೆ.

ಈಗ ಬ್ರಿಟನ್ನಿನ ಕಾನೂನು ಎರಡು ಲಕ್ಷಣ ಕೇಳುತ್ತದೆ: ಬದಲಿಸಲಾಗದ ಅಥವಾ ಬದಲಿಸು ಎಂದು ಕೇಳಬಾರದ ಗುರುತು ಇರಬೇಕು, ಜೊತೆಗೆ ಆ ಸಮಾಜ ಅವರನ್ನು ಬೇರೆಯೇ ಗುಂಪೆಂದು ಕಾಣುತ್ತಿರಬೇಕು. ಎರಡರಲ್ಲಿ ಒಂದಿದ್ದರೂ ಸಾಕೆಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನಿಲುವು. ಜಾತಿ ಮೀರಿ ಮದುವೆಯಾದ ದಂಪತಿ, ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈ ಕಾರಣದ ಅಡಿಯಲ್ಲಿ ಬರಬಹುದು. ಬಡ್ಡಿ ಸಾಲ ಕೊಟ್ಟವರ ಕಾಟ, ಜಾಗದ ತಗಾದೆ, ಪಾಲಿನ ಜಗಳ ಇವು ಎಷ್ಟೇ ಭಯಂಕರವಾಗಿದ್ದರೂ ಐದು ಕಾರಣಗಳಲ್ಲಿ ಒಂದಕ್ಕೆ ಸೇರದಿದ್ದರೆ ನಿರಾಶ್ರಿತರ ಸ್ಥಾನ ಸಿಗುವುದಿಲ್ಲ.

ಸಲಿಂಗಿಗಳ ವಿಷಯದಲ್ಲಿ 2010ರ ಎಚ್.ಜೆ. ಮತ್ತು ಎಚ್.ಟಿ. ತೀರ್ಪನ್ನು ಇಂದಿಗೂ ಬಳಸುತ್ತಾರೆ. ವಾಪಸು ಹೋದವನು ಗುಟ್ಟಾಗಿ ಬದುಕುತ್ತಾನೆ ಎಂದಾದರೆ ಏಕೆ ಎಂದು ಕೇಳಬೇಕು. ಅಪ್ಪ ಅಮ್ಮನಿಗೆ ಬೇಸರವಾಗುತ್ತದೆ ಎಂಬುದಷ್ಟೇ ಕಾರಣವಾದರೆ ಆಶ್ರಯವಿಲ್ಲ. ಹಿಂಸೆಯ ಭಯ ಒಂದು ಮುಖ್ಯ ಕಾರಣವಾದರೆ ಆಶ್ರಯವಿದೆ. ಇದೇ ತರ್ಕವನ್ನು ಧರ್ಮದ ಪ್ರಕರಣಗಳಿಗೂ ಹಚ್ಚುತ್ತಾರೆ.

ಪೊಲೀಸರು ಇಲ್ಲವೇ? ಬೇರೆ ಊರು ಇಲ್ಲವೇ?

ಭಾರತದವರ ಅರ್ಜಿಗಳಲ್ಲಿ ಅತಿ ಕಠಿಣವಾದ ಪ್ರಶ್ನೆಗಳು ಈ ಎರಡು. ಹಿಂಸೆ ನಡೆದದ್ದನ್ನು ಪೂರ್ತಿ ನಂಬಿದ ಮೇಲೂ ಇಲ್ಲಿ ಸೋಲಬಹುದು.

ಹಿಂಸಿಸುವವರು ಸರ್ಕಾರದವರಲ್ಲದೆ ನೆಂಟರು, ಜಾತಿಯವರು, ಗುಂಪು ಕಟ್ಟಿದವರು ಆಗಿದ್ದರೆ ಸರ್ಕಾರದ ರಕ್ಷಣೆ ಸಾಕಷ್ಟಿದೆಯೇ ಎಂದು ನೋಡುತ್ತಾರೆ. ರಕ್ಷಣೆ ಪರಿಪೂರ್ಣವಾಗಿರಬೇಕಿಲ್ಲ; ಒಂದು ವ್ಯವಸ್ಥೆ ಇರಬೇಕು, ಅದನ್ನು ನಡೆಸುವ ಮನಸ್ಸೂ ಇರಬೇಕು ಎಂಬುದು 2000ದ ಹೋರ್ವತ್ ತೀರ್ಪಿನ ಸಾರ. ಹೋಮ್ ಆಫೀಸಿನ ವಕೀಲರು ನಮ್ಮದೇ ಕಾನೂನುಗಳನ್ನು ಮೇಜಿನ ಮೇಲಿಡುತ್ತಾರೆ. ಮರ್ಯಾದೆಗೇಡು ಹತ್ಯೆ ತಡೆಯಲು ವಿಶೇಷ ಘಟಕ, ಸುರಕ್ಷಿತ ಮನೆ ಬೇಕೆಂದ 2018ರ ಶಕ್ತಿವಾಹಿನಿ ತೀರ್ಪು. ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ ನವತೇಜ್ ಸಿಂಗ್ ಜೋಹರ್ ತೀರ್ಪು. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು ಎನ್ನುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು.

ಗಡಿಯವರಿಗೆ ಈ ಕೊನೆಯದು ಬಹಳ ಮುಖ್ಯ. ತಲಪಾಡಿಯ ಆಚೆ ಕರ್ನಾಟಕದ ಪೊಲೀಸರು, ಈಚೆ ಕೇರಳದವರು. ‘ಘಟನೆ ನಮ್ಮ ವ್ಯಾಪ್ತಿಯದಲ್ಲ ಎಂದು ತಿರುಗಿಸಿ ಕಳಿಸಿದರು’ ಎಂದು ಹೇಳಿಕೆಯಲ್ಲಿ ಬರೆದರೆ ಮರುಪ್ರಶ್ನೆ ಖಂಡಿತ: ಜೀರೋ ಎಫ್‌ಐಆರ್ ಕೇಳಿದಿರಾ? ಎಸ್‌ಪಿಗೆ ಬರೆದಿರಾ? ಮ್ಯಾಜಿಸ್ಟ್ರೇಟರ ಬಳಿ ಹೋದಿರಾ? ಹೋಗದಿದ್ದರೆ ಏಕೆ? ಕಾಗದದ ಮೇಲಿನ ಕಾನೂನಿಗೂ ಠಾಣೆಯಲ್ಲಿ ನಡೆದದ್ದಕ್ಕೂ ಇರುವ ಅಂತರವನ್ನು ದಿನಾಂಕ, ಅಧಿಕಾರಿಯ ಹುದ್ದೆ, ಆಡಿದ ಮಾತಿನ ಸಮೇತ ತೋರಿಸಿದಾಗ ಮಾತ್ರ ಈ ವಾದಕ್ಕೆ ತೂಕ ಬರುತ್ತದೆ. ‘ನಮ್ಮ ಕಡೆ ಪೊಲೀಸರೆಲ್ಲ ಹೀಗೇ’ ಎಂಬ ಮಾತಿಗೆ ತೂಕವಿಲ್ಲ.

ಎರಡನೆಯ ಪ್ರಶ್ನೆ, ದೇಶದೊಳಗೇ ಬೇರೆಡೆ ಬದುಕಬಹುದಿತ್ತಲ್ಲ? 2006ರ ಜನುಜಿ ತೀರ್ಪಿನ ಪ್ರಕಾರ ಹಾಗೆ ನೆಲೆಸುವುದು ಆ ವ್ಯಕ್ತಿಗೆ ಅತಿಯಾದ ಕಷ್ಟವೇ ಎಂದು ನೋಡಬೇಕು. ಇಲ್ಲಿ ಕಾಸರಗೋಡಿನವರ ಬಲವೇ ಅವರ ಅರ್ಜಿಗೆ ಅಡ್ಡಿಯಾಗುತ್ತದೆ. ತುಳು, ಕನ್ನಡ, ಮಲಯಾಳ, ಸ್ವಲ್ಪ ಹಿಂದಿ, ಇಂಗ್ಲಿಷ್ ಬರುವ, ಡಿಗ್ರಿ ಮಾಡಿದ, ವಿದೇಶದಲ್ಲಿ ದುಡಿದ ವ್ಯಕ್ತಿ ಬೆಂಗಳೂರು, ಮುಂಬಯಿ, ಪುಣೆಯಲ್ಲಿ ಏಕೆ ಬದುಕಲಾರ ಎಂದು ನ್ಯಾಯಾಧೀಶರು ಕೇಳುತ್ತಾರೆ. ಉತ್ತರ ಆ ವ್ಯಕ್ತಿಯ ಸ್ಥಿತಿಯಿಂದಲೇ ಬರಬೇಕು. ಹುಡುಕಿಕೊಂಡು ಬರುವವರಿಗೆ ಆ ಊರುಗಳಲ್ಲಿ ಕೈ ಇದೆಯೇ, ಹಿಂದೆ ಅಲ್ಲಿಗೆ ಹೋದಾಗ ಪತ್ತೆಹಚ್ಚಿದ್ದರೇ, ಚಿಕ್ಕ ಮಗು ಅಥವಾ ಗಂಭೀರ ಕಾಯಿಲೆ ಇದೆಯೇ. ಒಂಟಿ ತಾಯಿಗೂ ಒಂಟಿ ಯುವಕನಿಗೂ ಒಂದೇ ಉತ್ತರ ಬರುವುದಿಲ್ಲ.

ಮಾತು ನಂಬುವಂತಿದೆಯೇ?

ನ್ಯಾಯಾಧೀಶರ ಮುಂದೆ ಸ್ಕ್ರೀನಿಂಗ್ ದಾಖಲೆ, ಎರಡನೆಯ ಸಂದರ್ಶನ, ಲಿಖಿತ ಹೇಳಿಕೆ, ಹಿಂದಿನ ವೀಸಾ ಅರ್ಜಿಗಳು ಒಟ್ಟಿಗೆ ಇರುತ್ತವೆ. ಅವುಗಳ ನಡುವಿನ ವ್ಯತ್ಯಾಸ ಹುಡುಕುವುದೇ ಎದುರು ವಕೀಲರ ಕೆಲಸ. ತಡವಾಗಿ ಅರ್ಜಿ ಹಾಕಿದ್ದು, ಪಾಸ್‌ಪೋರ್ಟ್ ಅಡಗಿಸಿದ್ದು, ದಾರಿಯಲ್ಲಿ ಸುರಕ್ಷಿತ ದೇಶದಲ್ಲಿ ಇಳಿದರೂ ಕೇಳದೆ ಬಂದದ್ದು ನಂಬಿಕೆಗೆ ಧಕ್ಕೆ ಎಂದು 2004ರ ಕಾಯ್ದೆಯೇ ಹೇಳುತ್ತದೆ. ವೀಸಾ ಮುಗಿದ ಮಾರನೆಯ ದಿನ ಭಯ ನೆನಪಾಗಿದ್ದರೆ ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ಊರಿನಲ್ಲಿ ಪರಿಸ್ಥಿತಿ ಆಮೇಲೆ ಬದಲಾದದ್ದು ನಿಜವಾದ ಕಾರಣವಾಗಬಹುದು, ಆದರೆ ಯಾವಾಗ ಹೇಗೆ ಬದಲಾಯಿತೆಂದು ತೋರಿಸಬೇಕು.

ಭಾಷೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಪಾಸ್‌ಪೋರ್ಟಿನಲ್ಲಿ ಕೇರಳ ಕಂಡರೆ ಅಧಿಕಾರಿ ‘ಮಲಯಾಳಂ’ ಎಂದು ಗುರುತು ಹಾಕಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರು ಪೇಟೆಯ ಮಲಯಾಳದಲ್ಲಿ ಸಂಕಟದ ಸಂಗತಿ ಹೇಳಹೊರಟರೆ ವಿವರ ಜಾರುತ್ತದೆ. ಕನ್ನಡದ ದುಭಾಷಿ ಬೇಕೆಂದು ಮೊದಲ ದಿನವೇ ಹೇಳಬೇಕು. ಟ್ರಿಬ್ಯೂನಲ್ಲಿನಲ್ಲಿ ದುಭಾಷಿ ಉಚಿತ. ಅರ್ಥವಾಗದ ಪ್ರಶ್ನೆಗೆ ‘ಹೌದು’ ಎನ್ನದೆ ಅರ್ಥವಾಗಲಿಲ್ಲ ಎಂದು ದಾಖಲಿಸಬೇಕು. ನೆಂಟಸ್ತಿಕೆಯನ್ನು ಬಿಡಿಸಿ ಹೇಳಬೇಕು: ‘ಅಣ್ಣ ಹೊಡೆದ’ ಎಂದವರು ದೊಡ್ಡಪ್ಪನ ಮಗನ ಬಗ್ಗೆ ಹೇಳಿದ್ದು, ಫಾರ್ಮಿನಲ್ಲಿ ‘ಅಣ್ಣತಮ್ಮಂದಿರಿಲ್ಲ’ ಎಂದಿದ್ದರೆ ಅದೊಂದು ವ್ಯತ್ಯಾಸವಾಗಿ ಉಳಿಯುತ್ತದೆ. ದಿನಾಂಕ ನೆನಪಿಲ್ಲದಿದ್ದರೆ ಊಹಿಸಬಾರದು. ‘2023ರಲ್ಲಿ, ಓಣಂ ರಜೆಗೆ ಮೊದಲು’ ಎಂದರೆ ಸಾಕು. ಸಂದರ್ಶನದ ಪ್ರತಿ ಕೈಗೆ ಬಂದ ಕೂಡಲೇ ಓದಿಸಿಕೊಂಡು ತಪ್ಪಿದ್ದರೆ ವಕೀಲರ ಮೂಲಕ ಬರೆದು ತಿಳಿಸಬೇಕು. ತಿಂಗಳುಗಳ ನಂತರ ವಿಚಾರಣೆಯಲ್ಲಿ ‘ದುಭಾಷಿ ತಪ್ಪು ಹೇಳಿದರು’ ಎಂದರೆ ನಂಬುವುದು ಕಷ್ಟ.

ಊರಿನಿಂದ ಕಳಿಸುವ ಕಾಗದ

ಮನೆಯವರು ನೆರವಾಗುವುದು ಮುಖ್ಯವಾಗಿ ಇಲ್ಲಿ. 2002ರ ತನ್ವೀರ್ ಅಹ್ಮದ್ ತೀರ್ಪಿನಂತೆ ದಾಖಲೆ ನಂಬಲರ್ಹ ಎಂದು ತೋರಿಸುವ ಹೊಣೆ ಅರ್ಜಿದಾರರದು, ಮತ್ತು ದಾಖಲೆಯನ್ನು ಉಳಿದ ಸಾಕ್ಷ್ಯದ ಜೊತೆಗೇ ಇಟ್ಟು ನೋಡಬೇಕು. ಎಫ್‌ಐಆರ್ ಇದ್ದರೆ ಮೂಲದ ಪ್ರಮಾಣಿತ ನಕಲು, ದೂರು ಸ್ವೀಕರಿಸಿದ ರಸೀದಿ, ಆಸ್ಪತ್ರೆಯ ಒಪಿ ಚೀಟಿ, ಡಿಸ್ಚಾರ್ಜ್ ಸಮ್ಮರಿ ಬೇಕು. 2016ರ ಸುಪ್ರೀಂ ಕೋರ್ಟ್ ಆದೇಶದ ನಂತರ ಸೂಕ್ಷ್ಮವಲ್ಲದ ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಬೇಕಾದ್ದರಿಂದ, ಹಣ ಕೊಟ್ಟು ಮಾಡಿಸಿದ ನಕಲಿಯನ್ನು ಲಂಡನ್ನಿನಲ್ಲಿ ಕುಳಿತೇ ಪತ್ತೆಮಾಡಬಹುದು. ಒಂದು ನಕಲಿ ಕಾಗದ ಸಿಕ್ಕಿಬಿದ್ದರೆ ನಿಜವಾದ ಹತ್ತು ಕಾಗದಗಳ ಮೇಲೂ ಅನುಮಾನ ಬೀಳುತ್ತದೆ.

ಮಲಯಾಳ, ಕನ್ನಡದ ಪ್ರತಿಯೊಂದು ಕಾಗದಕ್ಕೂ ಇಂಗ್ಲಿಷ್ ಅನುವಾದ, ಅನುವಾದಕರ ಹೆಸರು, ಸಹಿ, ದೃಢೀಕರಣ ಇರಬೇಕು. ಶಾಲೆಯ ಸರ್ಟಿಫಿಕೇಟಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ರೇಷನ್ ಕಾರ್ಡಿನಲ್ಲಿ ಮನೆ ಹೆಸರು ಇದ್ದರೆ ಮೂರೂ ಒಬ್ಬರೇ ಎಂದು ಹೇಳಿಕೆಯಲ್ಲಿ ವಿವರಿಸಬೇಕು. ಕಾಗದ ಹೋದ ಕೊರಿಯರ್ ಲಕೋಟೆಯನ್ನೂ ಎಸೆಯಬಾರದು. ‘ಇದು ನಿಮ್ಮ ಕೈಗೆ ಹೇಗೆ ಬಂತು’ ಎಂಬ ಪ್ರಶ್ನೆಗೆ ಅದೇ ಉತ್ತರ. ಸಾಕ್ಷಿ ಪತ್ರ ಬರೆಯುವ ನೆರೆಯವರು ಕಣ್ಣಾರೆ ಕಂಡದ್ದನ್ನು, ಕೇಳಿದ್ದನ್ನು ಬೇರೆಬೇರೆಯಾಗಿ ಬರೆಯಲಿ. ನಾಲ್ಕು ಜನರ ಪತ್ರದಲ್ಲಿ ಅವೇ ವಾಕ್ಯಗಳಿದ್ದರೆ ಅವಕ್ಕೆ ಬೆಲೆಯಿಲ್ಲ.

ಫೇಸ್‌ಬುಕ್ ಬೆದರಿಕೆಯ ಸ್ಕ್ರೀನ್‌ಶಾಟ್ ಒಂದೇ ಸಾಲದು. ಅದನ್ನು ತಿದ್ದುವುದು ಸುಲಭವೆಂದು ಅಪ್ಪರ್ ಟ್ರಿಬ್ಯೂನಲ್ 2022ರ ಎಕ್ಸ್.ಎಕ್ಸ್. ತೀರ್ಪಿನಲ್ಲಿ ಹೇಳಿ, ಖಾತೆಯ ಪೂರ್ತಿ ಮಾಹಿತಿಯನ್ನು ಡೌನ್‌ಲೋಡ್ ಮಾಡಿ ಕೊಡುವುದನ್ನು ಅಪೇಕ್ಷಿಸಿದೆ.

ವಿಚಾರಣೆ ಮತ್ತು ಆಮೇಲೆ

ಕೋಣೆಯಲ್ಲಿ ಸಾಮಾನ್ಯವಾಗಿ ಒಬ್ಬರು ನ್ಯಾಯಾಧೀಶರು, ಹೋಮ್ ಆಫೀಸಿನ ಪ್ರತಿನಿಧಿ, ಅರ್ಜಿದಾರರು, ಅವರ ವಕೀಲರು, ದುಭಾಷಿ. ದುಭಾಷಿಯ ಮಾತು ಅರ್ಥವಾಗುತ್ತದೆಯೇ ಎಂದು ಮೊದಲು ಕೇಳುತ್ತಾರೆ. ಲಿಖಿತ ಹೇಳಿಕೆ ತನ್ನದೇ ಎಂದು ಅರ್ಜಿದಾರರು ಒಪ್ಪುತ್ತಾರೆ, ಆಮೇಲೆ ಪಾಟಿಸವಾಲು, ಕೊನೆಗೆ ಎರಡು ಕಡೆಯ ವಾದ. ತೀರ್ಪು ಅಂದೇ ಬರುವುದು ಅಪರೂಪ, ಬರಹದಲ್ಲಿ ಬರುತ್ತದೆ. ಸೋತರೆ ಅಪ್ಪರ್ ಟ್ರಿಬ್ಯೂನಲ್ ಕೇಳುವುದು ಕಾನೂನಿನ ತಪ್ಪನ್ನು ಮಾತ್ರ, ಅದಕ್ಕೂ ಅನುಮತಿ ಬೇಕು. ಈ ಮೇಲ್ಮನವಿ ವ್ಯವಸ್ಥೆಯನ್ನೇ ಬದಲಿಸಿ ಹೊಸ ಸಂಸ್ಥೆ ತರುವ ಪ್ರಸ್ತಾವವನ್ನು ಬ್ರಿಟಿಷ್ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದೆ. ಹಾಗಾಗಿ ಅರ್ಜಿ ಹಾಕುವ ದಿನದ ನಿಯಮವನ್ನೇ ನೋಡಬೇಕು.

ಗೆದ್ದವರೂ ಊರಿಗೆ ಬರುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಮತ್ತೆ ಪಡೆದರೆ, ಭಯವೆಂದು ಹೇಳಿದ ನೆಲಕ್ಕೇ ಬಂದು ಹೋದರೆ ಒಪ್ಪಂದದ 1-ಸಿ ವಿಧಿಯಂತೆ ನಿರಾಶ್ರಿತರ ಸ್ಥಾನ ಕಳೆಯಬಹುದು. ತಂಗಿಯ ಮದುವೆಗೂ ಮನೆಯ ಕೋಲಕ್ಕೂ ತಾಯಿಯ ಕೊನೆಯ ಹೊತ್ತಿಗೂ ಈ ಮಾತು ಅನ್ವಯಿಸುತ್ತದೆ. ಅರ್ಜಿಗೆ ಸಹಿ ಹಾಕುವ ಮೊದಲು ಮನೆಯವರೊಡನೆ ಇದನ್ನು ಮಾತಾಡಿಕೊಳ್ಳಬೇಕು.

ಬ್ರಿಟನ್ನಿನಲ್ಲಿ ವಲಸೆ ಸಲಹೆ ಕೊಡುವವರು ವಕೀಲರಾಗಿರಬೇಕು ಅಥವಾ ಇಮಿಗ್ರೇಶನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿರಬೇಕು. ನೋಂದಣಿ ಇಲ್ಲದೆ ಸಲಹೆ ಕೊಡುವುದು ಅಲ್ಲಿ ಅಪರಾಧ. ನೋಂದಾಯಿತರ ಪಟ್ಟಿ ಆ ಸಂಸ್ಥೆಯ ವೆಬ್‌ಸೈಟಿನಲ್ಲಿದೆ, ಮಂಜೇಶ್ವರದ ಮನೆಯಲ್ಲಿ ಕುಳಿತೇ ಹೆಸರು ಹಾಕಿ ನೋಡಬಹುದು. ಆದಾಯ ಕಡಿಮೆಯಿರುವವರಿಗೆ ಆಶ್ರಯದ ಪ್ರಕರಣಗಳಲ್ಲಿ ಲೀಗಲ್ ಏಡ್ ವಕೀಲರು ಉಚಿತವಾಗಿ ಸಿಗುತ್ತಾರೆ. ಏಜೆಂಟರಿಗೆ ದುಡ್ಡು ಕಟ್ಟುವ ಮೊದಲು ಅವರನ್ನು ಕೇಳಬೇಕು.